ಮಗಳಿಗೊಂದು ಪತ್ರ: ಎರಡನೇ ಫ್ರೆಟ್ ಒತ್ತಿ ನೋಡು

ಪುಟ್ಟಿ,

ನಿನ್ನೆ ಫೋನಿನಲ್ಲಿ ನಾನು ಆಡಿದ ಮಾತು ಆಡಬಾರದಿತ್ತು. ಅಮೆರಿಕದ ಗಿಬ್ಸನ್ ಕಂಪನಿಯ ಮ್ಯಾಂಡೊಲಿನ್ನೇ ಬೇಕು ಅಂದದ್ದಕ್ಕೆ ‘ಹೆಸರಿನ ಹುಚ್ಚು’ ಅಂದುಬಿಟ್ಟೆ. ಅದು ಹುಚ್ಚಲ್ಲ ಕಣಮ್ಮ. ಒಳ್ಳೆಯ ನಾದ ಯಾವುದು ಅಂತ ನಿನ್ನ ಕಿವಿಗೆ ಗೊತ್ತಾಗಿದೆ, ಅದು ನನಗೆ ಹೆಮ್ಮೆಯ ವಿಷಯವೇ. ಆದರೆ ಕಂತಿನ ಕಾಗದಕ್ಕೆ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದು. ಮಿಕ್ಕ ಮಾತುಗಳೆಲ್ಲ ಇಬ್ಬರಿಗೂ ನೆನಪಿವೆ, ಕೆದಕುವುದು ಬೇಡ.

ನೀನು ಆಸೆಪಟ್ಟ ಎಫ್-5 ಮಾದರಿ ಹುಟ್ಟಿದ್ದು 1922ರಲ್ಲಿ, ನಾದದ ಎಂಜಿನಿಯರ್ ಲಾಯ್ಡ್ ಲೋರ್ ಗಿಬ್ಸನ್‌ನಲ್ಲಿದ್ದಾಗ. ಪಿಟೀಲಿನ ಹಾಗೆ ಉಬ್ಬಿಸಿ ಕೆತ್ತಿದ ಮೇಲ್ಹಲಗೆ, ಮೊಟ್ಟೆಯಾಕಾರದ ತೂತಿನ ಬದಲು ‘f’ ಅಕ್ಷರದ ಆಕಾರದ ಎರಡು ಎಫ್-ತೂತು, ಒಳಗೆ ಉದ್ದಕ್ಕೆ ಎರಡು ಪಟ್ಟಿ, ಹದಿನೈದನೇ ಫ್ರೆಟ್ಟಿನಲ್ಲಿ (ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆ) ಒಡಲಿಗೆ ಸೇರುವ ಕತ್ತು. ನಿನ್ನನ್ನು ಹಿಡಿದಿಟ್ಟ ಆ ನಾದ ಬರುವುದು ಇಷ್ಟರಿಂದಲೇ. ಎಡಭುಜದ ಮೇಲಿನ ಸುರುಳಿಯಿಂದ ಅಲ್ಲ. ಅದು ಬಹುಪಾಲು ಗಟ್ಟಿ ಮರದ ತುಂಡು. ಲೋರ್ 1923ರಲ್ಲಿ ಸುರುಳಿಯೇ ಇಲ್ಲದ, ನೀರಹನಿಯ ಆಕಾರದ ಒಂದು ಎ-5ಕ್ಕೂ ಸಹಿ ಹಾಕಿದ್ದರು. ಒಳಗಿನ ಕಟ್ಟಡ ಅದೇ.

ಇನ್ನೊಂದು ವಿಷಯ. ಅಮೆರಿಕದ ಹೆಸರಾಂತ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ದಶಕಗಳ ಕಾಲ ನುಡಿಸಿದ ಎಫ್-5ರ ಒಳಚೀಟಿಯಲ್ಲಿರುವ ತಾರೀಖು 1923ರ ಜುಲೈ 9. ಒಂದು ರಿಪೇರಿಯ ವಿಚಾರದಲ್ಲಿ ಕಂಪನಿಯ ಮೇಲೆ ಸಿಟ್ಟಾದ ಅವರು, ತಲೆಪಟ್ಟಿಯ ಮೇಲಿದ್ದ ಗಿಬ್ಸನ್ ಹೆಸರನ್ನು ಚಾಕುವಿನಿಂದ ಕೆತ್ತಿ ತೆಗೆದುಬಿಟ್ಟಿದ್ದರು. ಹೆಸರಿದ್ದ ಜಾಗದಲ್ಲಿ ಬರಿಯ ಗಾಯ. ಹಾಗೇ ವರ್ಷಗಟ್ಟಲೆ ನುಡಿಸಿದರು.

ಆದ್ದರಿಂದ ನೀನು ಹುಡುಕಬೇಕಾದದ್ದು ಎಫ್-ತೂತಿರುವ ಎ-ಮಾದರಿ. ಸುರುಳಿ, ಮೊನೆಗಳು, ಅವುಗಳ ಅಂಚಿಗೆ ಪಟ್ಟಿ ಕೂರಿಸುವುದು ಕೈಕೆಲಸ. ಬೆಲೆ ಏರುವುದು ಅಲ್ಲಿ. ಅದೇ ದುಡ್ಡನ್ನು ಎ-ಮಾದರಿಗೆ ಹಾಕಿದರೆ ಒಂದು ಮೆಟ್ಟಿಲು ಮೇಲಿನ ಮರವೂ ಕೆಲಸವೂ ಸಿಗುತ್ತವೆ. ಈಸ್ಟ್‌ಮನ್‌ನ ಎಂಡಿ305, ಕೆಂಟಕಿ ಎಂಬ ಹೆಸರಿನಲ್ಲಿ ಬರುವ ಕೆಎಂ-150, ಇವೆರಡನ್ನೂ ನೋಡು. ಎರಡಕ್ಕೂ ಕೆತ್ತಿದ ಗಟ್ಟಿ ಸ್ಪ್ರೂಸ್ ಮೇಲ್ಹಲಗೆ, ಗಟ್ಟಿ ಮೇಪಲ್ ಒಡಲು. ನನ್ನ ಒಲವು ಈಸ್ಟ್‌ಮನ್ ಕಡೆಗೆ, ಆದರೆ ಕೈಗೆ ಸಿಕ್ಕ ಕೆಂಟಕಿ ಚೆನ್ನಾಗಿ ನುಡಿದರೆ ಅದನ್ನೇ ತೆಗೆದುಕೋ. ‘ದಿ ಲೋರ್’ ಎಂಬ ಹೆಸರಿನ ವಾದ್ಯಗಳೂ ಇವೆ. ಅವುಗಳಲ್ಲೂ ಒಳ್ಳೆಯವಿವೆ, ಆದರೆ ಹೆಸರು ನೋಡಿ ಲಾಯ್ಡ್ ಲೋರ್ ಕೈಯಲ್ಲಿ ಹುಟ್ಟಿದವು ಅಂದುಕೊಳ್ಳಬೇಡ.

ಮೇಲ್ಹಲಗೆ ಗಟ್ಟಿ ಮರವೋ ಪ್ಲೈವುಡ್ಡೋ ಅಂತ ತಿಳಿಯಲು ಎಫ್-ತೂತಿನ ಅಂಚಿಗೆ ಟಾರ್ಚ್ ಹಿಡಿ. ಮೇಲಿನ ಎಳೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದು ಹೋಗಿದ್ದರೆ ಗಟ್ಟಿ ಮರ. ಅಡ್ಡಡ್ಡ ಮೂರು ಪದರ ಕಂಡರೆ ಪ್ಲೈವುಡ್, ವಾಪಸ್ ಇಟ್ಟುಬಿಡು. ಗಟ್ಟಿ ಮರವನ್ನೇ ಬಿಸಿಯಲ್ಲಿ ಒತ್ತಿ ಬಗ್ಗಿಸಿದ್ದೂ ಇರುತ್ತದೆ. ಕೆತ್ತಿದ ಹಲಗೆ ನಡುವೆ ದಪ್ಪ, ಅಂಚಿನ ಕಡೆಗೆ ತೆಳು. ಒತ್ತಿದ್ದು ಎಲ್ಲ ಕಡೆ ಒಂದೇ ದಪ್ಪ. ವಿವರದಲ್ಲಿ ‘ಗಟ್ಟಿ’ ಅಂತಷ್ಟೇ ಇದ್ದರೆ ಸಾಲದು, ‘ಕೆತ್ತಿದ್ದು’ ಅಂತಲೂ ಇರಬೇಕು.

ಈಗ ನನಗೆ ನಿದ್ದೆ ಬಾರದಂತೆ ಮಾಡಿದ ಮಾತಿಗೆ ಬರುತ್ತೇನೆ. ಕಡಿಮೆ ಬೆಲೆಯ ವಾದ್ಯದಲ್ಲಿ ಮರ ಕೆಟ್ಟದ್ದಿರುತ್ತದೆ ಅನ್ನುವುದಲ್ಲ ನನ್ನ ಭಯ. ಕೊನೆಯ ಹೊಂದಿಕೆ ಮಾಡದೆ ಪೆಟ್ಟಿಗೆಗೆ ಹಾಕಿ ಕಳಿಸಿರುತ್ತಾರೆ. ತಂತಿ ಎತ್ತರದಲ್ಲಿರುತ್ತದೆ, ಬೆರಳು ಉರಿಯುತ್ತದೆ, ಸ್ವರ ಚೂರು ಮೇಲೆ ಹೋಗುತ್ತದೆ. ಆಗ ನುಡಿಸುವವರು ವಾದ್ಯವನ್ನು ಬೈಯುವುದಿಲ್ಲ. ನನ್ನ ಬೆರಳಿಗೆ ಬಲವಿಲ್ಲ, ನನ್ನ ಕಿವಿ ಸರಿಯಿಲ್ಲ ಅಂದುಕೊಳ್ಳುತ್ತಾರೆ. ನೀನಂತೂ ಖಂಡಿತ ಹಾಗೇ ಅಂದುಕೊಳ್ಳುತ್ತೀಯ.

ತಪ್ಪು ಹೆಚ್ಚಾಗಿ ನಟ್ಟಿನಲ್ಲಿ, ತಲೆಯ ಹತ್ತಿರ ತಂತಿಗಳು ಕೂರುವ ಆ ಚಿಕ್ಕ ಬಿಳಿ ಪಟ್ಟಿಯಲ್ಲಿ. ಅದರಲ್ಲಿ ತಂತಿ ಕೂರುವ ತೋಡು ಆಳವಿಲ್ಲದಿದ್ದರೆ, ಮೊದಲೆರಡು ಫ್ರೆಟ್ ಒತ್ತುವಾಗ ತಂತಿ ಜಗ್ಗಿ ಸ್ವರ ಏರುತ್ತದೆ. ಪರೀಕ್ಷೆ ಹೀಗೆ. ಮೊದಲು ಬಿಡಿ ತಂತಿಗಳನ್ನು (ಎಲ್ಲೂ ಒತ್ತದೆ ಮೀಟುವ ತಂತಿ) ಜಿ, ಡಿ, ಎ, ಇ ಶ್ರುತಿಗೆ ಸರಿಯಾಗಿ ಕೂರಿಸು. ಜಿ ತಂತಿಯ ಎರಡನೇ ಫ್ರೆಟ್ ಒತ್ತಿ ಮೀಟು. ಅದು ಬಿಡಿ ಎ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿರಬೇಕು. ಡಿ ತಂತಿಯ ಎರಡನೇ ಫ್ರೆಟ್ಟಿಗೆ ಬಿಡಿ ಇ ತಂತಿಯೊಂದಿಗೆ ಅದೇ ಸಂಬಂಧ. ಆಮೇಲೆ ಜಿ ತಂತಿಯ ಏಳನೇ ಫ್ರೆಟ್ಟನ್ನು ಬಿಡಿ ಡಿ ತಂತಿಗೆ ಹೋಲಿಸು, ಎರಡೂ ಒಂದೇ ಸ್ವರ. ಏಳನೆಯದು ಸರಿಯಿದ್ದು ಎರಡನೆಯದು ಏರಿದ್ದರೆ ಕಳ್ಳ ನಟ್ಟಿನಲ್ಲಿದ್ದಾನೆ. ಹನ್ನೆರಡನೆಯದೂ ಏರಿದ್ದರೆ ಕುದುರೆಯ (ಒಡಲ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಜಾಗ ತಪ್ಪಿದೆ.

ಕಣ್ಣಿನಿಂದಲೂ ನೋಡಬಹುದು. ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ ಹಿಡಿದು, ಒಂದನೇ ಫ್ರೆಟ್ಟಿನ ಮೇಲೆ ಎಷ್ಟು ಸಂದಿ ಇದೆ ನೋಡು. ಒಂದು ಹಾಳೆ ಕಾಗದವೂ ನುಸುಳಲು ಒದ್ದಾಡಬೇಕು. ಕಾರ್ಡು ಸಲೀಸಾಗಿ ಹೋದರೆ ಅತಿಯಾಯಿತು. ತೋಡು ಆಳ ಮಾಡಲು ತಂತಿಯ ದಪ್ಪಕ್ಕೆ ಸರಿಯಾದ ಅರ ಬೇಕು. ತಲೆಯ ಕಡೆಗೆ ಇಳಿಜಾರಾಗಿ ಎರಡು ಮೂರು ಸಲ ಉಜ್ಜಿ, ತಂತಿ ಕೂರಿಸಿ, ಮತ್ತೆ ನೋಡಬೇಕು. ಒಂದು ಎಳೆ ಹೆಚ್ಚಾದರೆ ಬಿಡಿ ತಂತಿ ಜೀರ್ ಅನ್ನುತ್ತದೆ, ನಟ್ಟೇ ಬದಲಿಸಬೇಕಾಗುತ್ತದೆ. ಇದನ್ನು ನೀನು ಮಾಡಬೇಡ, ವಾದ್ಯ ರಿಪೇರಿ ಬಲ್ಲವರ ಕೈಗೆ ಕೊಡು. ವಾದ್ಯಕ್ಕೆಂದು ಇಟ್ಟ ದುಡ್ಡಿನಲ್ಲಿ ಈ ಕೆಲಸದ ಕೂಲಿಯನ್ನು ಮೊದಲೇ ಎತ್ತಿಡು. ಇಷ್ಟು ಮಾಡಿಸದ ದುಬಾರಿ ವಾದ್ಯಕ್ಕಿಂತ ಇಷ್ಟು ಮಾಡಿಸಿದ ಸಾಧಾರಣ ವಾದ್ಯ ಮೇಲು ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ಕುದುರೆಯನ್ನು ನೀನೇ ಹೊಂದಿಸಬಹುದು. ಅದನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲಷ್ಟೇ ನಿಂತಿರುತ್ತದೆ. ಅದಕ್ಕೇ ಎಂಟೂ ತಂತಿಗಳನ್ನು ಒಟ್ಟಿಗೆ ಬಿಚ್ಚಬೇಡ, ಒಂದೊಂದು ಜೋಡಿಯಾಗಿ ಬದಲಿಸು. ನಟ್ಟಿನಿಂದ ಹನ್ನೆರಡನೇ ಫ್ರೆಟ್ಟಿಗೆ ಸುಮಾರು 176 ಮಿ.ಮೀ. ಇದ್ದರೆ, ಅಲ್ಲಿಂದ ಕುದುರೆಗೂ ಅಷ್ಟೇ, ಮೇಲೊಂದಿಷ್ಟು. ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ಸೋಕಿಸಿ ಮೀಟಿದ ಹಾರ್ಮೋನಿಕ್ಕನ್ನೂ ಒತ್ತಿ ಮೀಟಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸು. ಒತ್ತಿದ್ದು ಏರಿದ್ದರೆ ಕುದುರೆಯನ್ನು ಬಾಲದ ಕಡೆ ಕೂದಲೆಳೆಯಷ್ಟು ಸರಿಸು, ಇಳಿದಿದ್ದರೆ ಕತ್ತಿನ ಕಡೆ. ಬಿರಡೆ ತಿರುಗಿಸುತ್ತಾ ಹೋದಂತೆ ಕುದುರೆಯ ತಲೆ ಕತ್ತಿನ ಕಡೆ ವಾಲುತ್ತದೆ. ಆಗಾಗ ನೆಟ್ಟಗೆ ಮಾಡು, ಇಲ್ಲದಿದ್ದರೆ ಮರ ಡೊಂಕಾಗುತ್ತದೆ. ಎತ್ತರಕ್ಕೆ ಎರಡು ಪುಟ್ಟ ಚಕ್ರಗಳಿವೆ. ತಂತಿ ಸಡಿಲಿಸದೆ ಅವನ್ನು ತಿರುಗಿಸಬೇಡ. ತಂತಿಗಳ ಬಿಗಿತ ಒಟ್ಟು ಸುಮಾರು 70 ಕೆ.ಜಿ.ಯಷ್ಟಿದ್ದು, ಇಕ್ಕಳ ಹಾಕಿದರೆ ಚಕ್ರವೂ ಹೋಗುತ್ತದೆ, ಮರವೂ ಹೋಗುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಇ ತಂತಿ 1.5 ಮಿ.ಮೀ., ಜಿ ತಂತಿ 2 ಮಿ.ಮೀ. ಎತ್ತರವಿದ್ದರೆ ಬೆರಳಿಗೆ ಹಿತ.

ಶುರುವಿಗೆ 0.010 ಅಂಗುಲದ ಇ ತಂತಿಯಿರುವ ಲೈಟ್ ಸೆಟ್ (ತೆಳು ತಂತಿಗಳ ಕಟ್ಟು) ಹಾಕು. ಬೆರಳು ಪಳಗಿದ ಮೇಲೆ 0.011ರದ್ದು.

ಹಳೆಯ ವಾದ್ಯ ಕಡಿಮೆಗೆ ಸಿಕ್ಕಿತು ಅಂತ ಬರೀ ಫೋಟೊ ನೋಡಿ ದುಡ್ಡು ಕಳಿಸಬೇಡ. ನಟ್ಟಿನ ಹಿಂಭಾಗದಲ್ಲಿ ಮುರಿದು ಅಂಟಿಸಿದ ಗೆರೆ, ಎಫ್-ತೂತಿನ ತುದಿಯಿಂದ ಹೊರಟ ಬಿರುಕು, ಕುದುರೆಯ ಕೆಳಗೆ ಕುಸಿದ ಹಲಗೆ, ಇವುಗಳಲ್ಲಿ ಒಂದಿದ್ದರೂ ಬೇಡ. ತಿರುಚಿದ ಕತ್ತಂತೂ ಬೇಡವೇ ಬೇಡ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರೆ ತಿರುಚು ಕಾಣುತ್ತದೆ. ಉಪದೇಶ ಉದ್ದವಾಯಿತು, ಗೊತ್ತು. ಆದರೂ ಇದನ್ನು ಬಿಡಲಾರೆ.

ಗಿಬ್ಸನ್ನಿನಲ್ಲಿ ಸಿಗುವುದೆಲ್ಲ ಇದರಲ್ಲಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಹತ್ತು ಜನರ ನಡುವೆ ಸ್ವರಮೇಳವನ್ನು ‘ಟಕ್’ ಅಂತ ಕತ್ತರಿಸಿ ನುಡಿಸುವಾಗ ಒಳ್ಳೆಯ ಎಫ್-5 ಹೊರಡಿಸುವ ಆ ಒಣ ಪೆಟ್ಟು ಬೇರೆಯೇ. ಮರುಮಾರಾಟದಲ್ಲೂ ಹೆಸರಿಗೆ ಬೆಲೆಯಿದೆ. ಮೂರು ವರ್ಷ ನುಡಿಸಿದ ಮೇಲೂ ನಿನ್ನ ಕಿವಿ ಅದನ್ನೇ ಕೇಳಿದರೆ ನಾನು ಅಡ್ಡ ಬರುವುದಿಲ್ಲ. ನಿನ್ನೆ ಅಡ್ಡ ಬಂದ ರೀತಿಗೆ ಮಾತ್ರ ಕ್ಷಮಿಸು. ಬೆರಳು ನೋಯುತ್ತಿದೆ ಅಂತ ನೀನು ಯಾರಿಗೂ ಹೇಳದೆ ವಾದ್ಯವನ್ನು ಪೆಟ್ಟಿಗೆಯೊಳಗೆ ಇಟ್ಟುಬಿಡುತ್ತೀಯೇನೋ ಅನ್ನುವುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿದೆ. ನೋವಾದರೆ ಮೊದಲು ತಂತಿಯ ಎತ್ತರ ಅಳೆ. ಸ್ವರ ಏರಿದರೆ ಮೊದಲು ನಟ್ ನೋಡು. ನಿನ್ನ ಕೈಯನ್ನು ಅನುಮಾನಿಸುವುದು ಆಮೇಲೆ.

ವಾದ್ಯ ಬಂದ ದಿನ ಜಿ ತಂತಿಯ ಎರಡನೇ ಫ್ರೆಟ್ ಒತ್ತಿ ಮೀಟುವಾಗ ಫೋನ್ ಮಾಡಿ ಹತ್ತಿರ ಇಡು. ನಾನೂ ಕೇಳಿಸಿಕೊಳ್ಳುತ್ತೇನೆ.

ನಿನ್ನ
ಅಪ್ಪ