ಗಾಡಿಗೆ ವಿಮೆ ಆಯ್ತು, ಮೈಗೆ?

ಗ್ರೀನ್ ಕೋವ್ ಸ್ಪ್ರಿಂಗ್ಸ್, ಫ್ಲಾರಿಡಾ
18 ನವೆಂಬರ್ 2025

ತೀರ್ಥರೂಪ ಅಪ್ಪನವರಿಗೆ ಶಾರದೆ ಮಾಡುವ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಅಮ್ಮ, ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ನಿಮ್ಮ ಕಾಗದ ಮೊನ್ನೆ ಸಿಕ್ಕಿತು. ಮೊದಲು ಲಕೋಟೆಯ ಫೋಟೋ ಫೋನಿಗೆ ಬಂತು, ಕಾಗದ ಕೈಗೆ ಬಂದದ್ದು ಆಮೇಲೆ. ಮನೆ ಮಾರಿ ಗಾಡಿಯಲ್ಲೇ ಬದುಕುತ್ತಾ ಊರೂರು ಸುತ್ತೋ ನಮ್ಮಂಥವರ ಟಪಾಲು ನೋಡಿಕೊಳ್ಳೋದೇ ಇಲ್ಲೊಂದು ಕಸುಬು. ಬಂದದ್ದನ್ನೆಲ್ಲ ಸ್ಕ್ಯಾನ್ ಮಾಡಿ ತೋರಿಸ್ತಾರೆ, ನಾವು ಎಲ್ಲಿದ್ದೀವೋ ಅಲ್ಲಿಗೆ ಕಳಿಸಿಕೊಡ್ತಾರೆ. ನೀವು ಪೆನ್ನು ಒತ್ತಿರೋ ರೀತಿ ನೋಡಿದಾಗಲೇ ಒಳಗೆ ಬೈಗುಳ ಇದೆ ಅಂತ ಗೊತ್ತಾಯ್ತು.

"ಗಾಡಿಗೆ ವಿಮೆ ಮಾಡಿಸಿದ್ದೀರಂತೆ, ಸಂತೋಷ. ಮೈಗೆ?" ಅಂತ ಕೇಳಿದ್ದೀರಿ. ಜನ್ಮವಿಡೀ ಎಲ್‌ಐಸಿ ಏಜೆಂಟ್ ಆಗಿದ್ದವರು ಬೇರೇನು ಕೇಳ್ತೀರಿ! ಅದಕ್ಕೇ ಈ ಸಲ ಗುಡ್ಡ, ನದಿ, ಹಿಮದ ಸುದ್ದಿ ಯಾವುದೂ ಇಲ್ಲ. ವಿಮೆಯ ವಿಷಯ ಮಾತ್ರ ಬರೀತೀನಿ. ಅಮ್ಮನಿಗೆ ಪೂರ್ತಿ ಓದಿ ಹೇಳಬೇಡಿ.

ಮೈಗೂ ವಿಮೆ ಇದೆ ಅಪ್ಪ. ಒಂದು ದಿನವೂ ತಪ್ಪಿಲ್ಲ. ಹೋದ ವರ್ಷ ಜೂನ್ ಕೊನೆಗೆ ಇವರ ಕೆಲಸ ಹೋಯ್ತಲ್ಲ, ಆಗ ಕಂಪನಿಯ ಪಾಲಿಸಿಯನ್ನೇ 18 ತಿಂಗಳು ಮುಂದುವರಿಸಿಕೊಳ್ಳೋ ಅವಕಾಶ ಇತ್ತು. ಅದಕ್ಕೆ ಕೋಬ್ರಾ ಅಂತಾರೆ. ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತು ನಾವೇ ಕಟ್ಟಬೇಕು, ಮೇಲೆ ನಿರ್ವಹಣೆಗೆ ಶೇಕಡಾ 2. ಕಟ್ಟಿದ್ದೀವಿ. ಅದು ಡಿಸೆಂಬರ್ 31ಕ್ಕೆ ಮುಗಿಯುತ್ತೆ. ಜನವರಿ 1ರಿಂದ ಸರ್ಕಾರದ ಮಾರ್ಕೆಟ್‌ಪ್ಲೇಸಿನಲ್ಲಿ, ಅಂದರೆ ಕಂಪನಿಗಳ ಪಾಲಿಸಿ ಒಂದೇ ಕಡೆ ಸಿಗೋ ಸಂತೆಯಲ್ಲಿ, ನಾವೇ ಪಾಲಿಸಿ ಕೊಳ್ಳಬೇಕು. ಡಿಸೆಂಬರ್ 15ರೊಳಗೆ ಆರಿಸಿಕೊಂಡರೆ ಮಧ್ಯೆ ಖಾಲಿ ಬೀಳಲ್ಲ. ಆ ತಾರೀಖನ್ನು ಇವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಗಾಡಿಯಲ್ಲಿ ಫ್ರಿಜ್ಜೂ ಇದೆ ಅಂತ ದೊಡ್ಡಮ್ಮನಿಗೆ ಹೇಳಿ.

ಇವರ ಸಕ್ಕರೆ ಕಾಯಿಲೆ ನೋಡಿ ಯಾರು ಪಾಲಿಸಿ ಕೊಡ್ತಾರೆ ಅಂತ ನಿಮ್ಮ ಚಿಂತೆ. ಅದನ್ನು ಇವತ್ತೇ ಬಿಟ್ಟುಬಿಡಿ. ಇಲ್ಲಿ 2014ರಿಂದ ಕಾಯಿಲೆ ಇದೆ ಅಂತ ಪಾಲಿಸಿ ನಿರಾಕರಿಸೋ ಹಾಗಿಲ್ಲ, ಹೆಚ್ಚು ಕಂತು ಕೇಳೋ ಹಾಗಿಲ್ಲ, ಇಷ್ಟು ವರ್ಷ ಕಾಯಿ ಅನ್ನೋ ಹಾಗೂ ಇಲ್ಲ. ನಮ್ಮಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು ಅಲ್ವಾ, ಇಲ್ಲಿ ಮೊದಲ ದಿನದಿಂದಲೇ ಜಾರಿ. ಅರ್ಜಿಯಲ್ಲಿ ಶುಗರ್ ಇದೆಯಾ ಅಂತ ಕೇಳೋ ಕಾಲಮ್ಮೇ ಇಲ್ಲ. ವಯಸ್ಸು, ತಂಬಾಕು, ವಿಳಾಸ, ಇಷ್ಟರ ಮೇಲೆ ಕಂತು.

ಕಷ್ಟ ಶುರುವಾಗೋದು ಆ ವಿಳಾಸದಲ್ಲೇ. ಇಲ್ಲಿ ಪಾಲಿಸಿ ವಿಳಾಸಕ್ಕೆ ಅಂಟಿಕೊಂಡಿರುತ್ತೆ. ಯಾವ ರಾಜ್ಯ, ಯಾವ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಅನ್ನೋದರ ಮೇಲೆ ಯಾವ ಕಂಪನಿ, ಯಾವ ಆಸ್ಪತ್ರೆ ಅಂತ ಗೊತ್ತಾಗುತ್ತೆ. ಓಹಾಯೋದ ಮನೆ ಮಾರಿದ ಮೇಲೆ ನಮಗೆ ಕೌಂಟಿಯೇ ಇರಲಿಲ್ಲ. ನಮ್ಮ ಹಾಗೆ ಗಾಡಿಯಲ್ಲೇ ಬದುಕೋರು ಹೆಚ್ಚಾಗಿ ಮೂರು ರಾಜ್ಯ ಹಿಡೀತಾರೆ: ಟೆಕ್ಸಾಸ್, ಸೌತ್ ಡಕೋಟಾ, ಫ್ಲಾರಿಡಾ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಸೌತ್ ಡಕೋಟಾದಲ್ಲಂತೂ ಒಂದು ರಾತ್ರಿ ತಂಗಿದ ರಸೀದಿ ತೋರಿಸಿದರೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳಬಹುದು. ಆದರೆ ಅಲ್ಲಿನ ಪಾಲಿಸಿ ಅಲ್ಲಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದೆ. ಟೆಕ್ಸಾಸಿನಲ್ಲಿ ನಮ್ಮಷ್ಟಕ್ಕೆ ನಾವು ಕೊಳ್ಳೋ ಪಾಲಿಸಿಗಳದ್ದೂ ಅದೇ ಹಾಡು, ಅವರ ಪಟ್ಟಿಯ ಡಾಕ್ಟರ ಹತ್ತಿರವೇ ಹೋಗಬೇಕು. ಫ್ಲಾರಿಡಾದಲ್ಲಿ ಬೇರೆ ರಾಜ್ಯದ ಡಾಕ್ಟರುಗಳೂ ನಡೆಯೋ ಪಾಲಿಸಿ ಸಿಗುತ್ತೆ. ಕಂತು ಜಾಸ್ತಿ, ಆದರೂ ಗಾಡಿಯವರು ಇಲ್ಲಿಗೆ ಮುಗಿಬೀಳೋದು ಅದಕ್ಕೇ. ನಾವೂ ಬಂದೆವು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. "ವಾಸವೇ ಇಲ್ಲದ ಊರಿನ ವಿಳಾಸ ಬರೆದರೆ ಅದು ಸುಳ್ಳು ಡಿಕ್ಲರೇಶನ್. ಕ್ಲೇಮ್ ಹೊತ್ತಿಗೆ ಗೊತ್ತಾಗುತ್ತೆ." ಹೀಗೇ ಬರೀತೀರಿ ಅಂತ ಗೊತ್ತಿತ್ತು. ಪ್ರಪೋಸಲ್ ಫಾರಂನಲ್ಲಿ ಒಂದು ವರ್ಷ ವಯಸ್ಸು ಕಡಿಮೆ ಬರೆಸಿದ ಅಂತ ಸ್ವಂತ ಭಾವಮೈದುನನ ಪಾಲಿಸಿಯನ್ನೇ ವಾಪಸ್ ಮಾಡಿದವರು ನೀವು. ನಾನೂ ಇದನ್ನೇ ಯೋಚಿಸಿ ನಿದ್ದೆಗೆಟ್ಟಿದ್ದೆ. ನಿದ್ದೆಗೆಟ್ಟಿದ್ದೆ ಅಂದರೆ ಒಂದೆರಡು ರಾತ್ರಿ ಅಷ್ಟೇ, ಈಗ ಚೆನ್ನಾಗಿ ಮಲಗ್ತೀನಿ.

ಇಲ್ಲಿನ ಕೇಂದ್ರ ಸರ್ಕಾರದ ನಿಯಮದಲ್ಲೇ ಇದಕ್ಕೆ ಉತ್ತರ ಇದೆ. ಅರ್ಜಿದಾರ ಎಲ್ಲಿ ವಾಸವಾಗಿದ್ದಾನೋ, ಎಲ್ಲಿ ವಾಸ ಮುಂದುವರಿಸೋ ಉದ್ದೇಶ ಇದೆಯೋ ಅದು ಅವನ ರಾಜ್ಯ, ಕಾಯಂ ವಿಳಾಸ ಇಲ್ಲದಿದ್ದರೂ ಸರಿ ಅಂತ ಸ್ಪಷ್ಟವಾಗಿ ಬರೆದಿದೆ. ಟಪಾಲು ಪೆಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದು ಮನೆ ಇಲ್ಲಿದೆ ಅನ್ನೋರೂ ಇದ್ದಾರೆ, ನಮಗೆ ಅದು ಬೇಡ. ಚಳಿಗಾಲ ಪೂರ್ತಿ ಇಲ್ಲೇ ಕ್ಯಾಂಪ್‌ಗ್ರೌಂಡಿನಲ್ಲಿ ಇರ್ತೀವಿ. ಲೈಸೆನ್ಸ್, ಗಾಡಿಯ ನೋಂದಣಿ, ವೋಟು, ಬ್ಯಾಂಕು ಎಲ್ಲ ಇಲ್ಲಿಗೇ ಬದಲಾಯಿಸಿದ್ದೀವಿ. ಈ ರಾಜ್ಯದಲ್ಲಿ ಇನ್ನೊಂದು ವ್ಯವಸ್ಥೆ ಇದೆ, ನಿಮಗೆ ಇಷ್ಟವಾಗುತ್ತೆ. ಕೌಂಟಿ ಕ್ಲರ್ಕ್ ಕಚೇರಿಯಲ್ಲಿ "ಇದೇ ನನ್ನ ಕಾಯಂ ನೆಲೆ" ಅಂತ ಪ್ರಮಾಣ ಮಾಡಿ ಪತ್ರ ದಾಖಲು ಮಾಡಬಹುದು. ಇವರು ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗಿ ಮಾಡಿಸಿದರು. ಸಹಿ, ಸೀಲು ಎಲ್ಲ ಇದೆ. ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ, ನಿಮ್ಮ ಫೈಲಿಗೆ ಸೇರಿಸಿಕೊಳ್ಳಿ.

ದಾರಿಯಲ್ಲಿ ಏನಾದರೂ ಆದರೆ? ತುರ್ತು ಚಿಕಿತ್ಸೆಗೆ ಯಾವ ರಾಜ್ಯದ ಯಾವ ಆಸ್ಪತ್ರೆಯಾದರೂ ಸರಿ, ಪಟ್ಟಿಯಲ್ಲಿ ಇಲ್ಲ ಅಂತ ಹೆಚ್ಚಿನ ಬಿಲ್ಲು ನಮ್ಮ ತಲೆಗೆ ಕಟ್ಟೋ ಹಾಗಿಲ್ಲ ಅಂತ 2022ರಿಂದ ಕಾನೂನಿದೆ. ಅದರಲ್ಲೂ ಒಂದು ತಮಾಷೆ ನೋಡಿ: ಹೆಲಿಕಾಪ್ಟರಿನಲ್ಲಿ ಹೊತ್ತುಕೊಂಡು ಹೋದರೆ ಈ ರಕ್ಷಣೆ ಇದೆ, ರಸ್ತೆಯ ಮೇಲೆ ಆಂಬುಲೆನ್ಸಿನಲ್ಲಿ ಹೋದರೆ ಇಲ್ಲ! ಇವರು ಹೆಲಿಕಾಪ್ಟರನ್ನೇ ಕರೆಸ್ತೀನಿ ಅಂತಾರೆ.

ದಿನನಿತ್ಯದ ಶುಗರ್ ಔಷಧಕ್ಕೆ ತೊಂದರೆಯಿಲ್ಲ. ದೊಡ್ಡ ಔಷಧದಂಗಡಿಗಳಿಗೆ ಎಲ್ಲ ಕಡೆ ಶಾಖೆ ಇದೆ, ಮೂರು ತಿಂಗಳದ್ದು ಒಟ್ಟಿಗೆ ತರ್ತೀವಿ. ಡಾಕ್ಟರನ್ನು ವಿಡಿಯೋದಲ್ಲಿ ನೋಡೋದೇ ಮಜಾ. ಶುಗರ್ ಎಷ್ಟಿದೆ ಅಂತ ಕೇಳೋದಕ್ಕೆ ಮುಂಚೆ "ಇವತ್ತು ಯಾವ ರಾಜ್ಯದಲ್ಲಿದ್ದೀರಿ?" ಅಂತ ಕೇಳ್ತಾರೆ. ರೋಗಿ ಇರೋ ರಾಜ್ಯದಲ್ಲಿ ಅವರಿಗೆ ಲೈಸೆನ್ಸ್ ಇರಬೇಕು. ಒಂದು ಸಲ ರಾಜ್ಯದ ಗಡಿಗೆ ಇನ್ನೇನು ಬಂದೆವು ಅನ್ನುವಾಗ ಇವರು ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ, ಡಾಕ್ಟರ ಜೊತೆ ಮಾತು ಮುಗಿಸಿ, ಆಮೇಲೆ ಗಡಿ ದಾಟಿದರು. ಮೂತ್ರಪಿಂಡ, ಕಣ್ಣು ಎಲ್ಲ ಪರೀಕ್ಷೆಯೂ ಫೆಬ್ರವರಿಯೊಳಗೆ ಇಲ್ಲೇ ಮಾಡಿಸ್ತೀವಿ.

ಹಲ್ಲು ಮಾತ್ರ ಈ ಪಾಲಿಸಿಯಲ್ಲಿ ಬರಲ್ಲ. ಹೋದ ಚಳಿಗಾಲ ಅರಿಜೋನಾದಲ್ಲಿ ಇದ್ದಾಗ ಯೂಮಾ ಹತ್ತಿರ ಗಡಿ ದಾಟಿ ಮೆಕ್ಸಿಕೋದ ಲಾಸ್ ಅಲ್ಗೋಡೋನೆಸ್‌ಗೆ ಹೋಗಿದ್ದೆವು. ಪುಟ್ಟ ಊರು, ಎಲ್ಲಿ ತಿರುಗಿದರೂ ಹಲ್ಲಿನ ಡಾಕ್ಟರ ಬೋರ್ಡು. ಅಮೆರಿಕದ ಮುದುಕರು ಗಾಡಿ ಈಚೆ ನಿಲ್ಲಿಸಿ, ನಡೆದೇ ಹೋಗಿ ಹಲ್ಲು ಕಟ್ಟಿಸಿಕೊಂಡು ಬರ್ತಾರೆ. ಹಲ್ಲಿಗೆ ವಿದೇಶಕ್ಕೆ ಹೋಗಿ ಬಂದವಳು ನಮ್ಮ ವಂಶದಲ್ಲಿ ನಾನೇ ಮೊದಲಿರಬೇಕು.

ಅಕ್ಕಪಕ್ಕದ ಗಾಡಿಯವರಲ್ಲಿ ಕೆಲವರು ವಿಮೆ ಬಿಟ್ಟು "ಹೆಲ್ತ್ ಶೇರಿಂಗ್" ಅನ್ನೋದಕ್ಕೆ ಸೇರಿದ್ದಾರೆ. ಎಲ್ಲರೂ ತಿಂಗಳು ತಿಂಗಳು ದುಡ್ಡು ಹಾಕೋದು, ಯಾರಿಗೆ ಬಿಲ್ಲು ಬಂತೋ ಅವರಿಗೆ ಕೊಡೋದು. ನಮ್ಮೂರಿನ ಚೀಟಿ ಇದ್ದ ಹಾಗೆ, ನಡೆಯೋವರೆಗೂ ಚೆನ್ನ. ಅದು ವಿಮೆಯೇ ಅಲ್ಲ, ಕೊಡಲೇಬೇಕು ಅನ್ನೋ ಕಾನೂನಿಲ್ಲ, ಹಳೇ ಕಾಯಿಲೆಗೆ ಕೈ ಎತ್ತಬಹುದು. ಅಗ್ಗ ಅಂತ ಇವರಿಗೂ ಸ್ವಲ್ಪ ಆಸೆ ಹುಟ್ಟಿತ್ತು. ನಾನು ನಿಮ್ಮ ಮಗಳಲ್ವಾ, ಬೇಡ ಅಂದೆ.

ದುಡ್ಡಿನ ವಿಷಯ. ಕಂತು ಎಷ್ಟು ಅಂತ ಬರೆಯೋಲ್ಲ, ನೀವು ಕೂಡಲೇ ರೂಪಾಯಿಗೆ ಗುಣಿಸಿ ರಾತ್ರಿ ಊಟ ಬಿಡ್ತೀರಿ. 2021ರಿಂದ ಸರ್ಕಾರ ಕಂತು ಕಟ್ಟೋದಕ್ಕೆ ಹೆಚ್ಚುವರಿ ಸಹಾಯ ಕೊಡ್ತಿತ್ತು. ಈ ವರ್ಷದ ಕೊನೆಗೆ ಅದು ನಿಲ್ಲುತ್ತೆ. ಅದರ ಜಗಳದಲ್ಲೇ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಇಲ್ಲಿನ ಸರ್ಕಾರ ಬಾಗಿಲು ಹಾಕಿಕೊಂಡಿದ್ದು, ಟಿವಿಯಲ್ಲಿ ನೋಡಿರ್ತೀರಿ. ಆ ಸಹಾಯದ ವಿಷಯ ಡಿಸೆಂಬರಿನಲ್ಲಿ ಸೆನೆಟ್ ಮುಂದೆ ಮತಕ್ಕೆ ಹಾಕ್ತೀವಿ ಅಂದಿದ್ದಾರೆ. 2021ಕ್ಕೆ ಮುಂಚಿನ ಹಳೇ ಲೆಕ್ಕವೇ ವಾಪಸ್ ಬಂದರೆ ಇಬ್ಬರಿರೋ ಮನೆಗೆ ವರ್ಷದ ಆದಾಯ 84,600 ಡಾಲರ್ ಗೆರೆ. ಅದರೊಳಗಿದ್ದರೆ ಸಹಾಯ ಇದೆ, ಸ್ವಲ್ಪ ದಾಟಿದರೂ ಪೂರ್ತಿ ಹೋಗುತ್ತೆ, ಪಡೆದದ್ದನ್ನೂ ತೆರಿಗೆ ಹೊತ್ತಿಗೆ ವಾಪಸ್ ಕಟ್ಟಬೇಕು. ನನ್ನ ಲೆಕ್ಕಪತ್ರದ ಕೆಲಸ, ಇವರ ಬಿಡಿ ಕೆಲಸ ಸೇರಿ ನಾವು ಆ ಗೆರೆಯ ಆಸುಪಾಸಿನಲ್ಲೇ ಇದ್ದೀವಿ. ಅದಕ್ಕೇ ಇವರು ಮುಂದಿನ ವರ್ಷ ಒಂದು ಕೆಲಸ ಕಡಿಮೆ ಒಪ್ಪಿಕೊಳ್ಳಬೇಕೋ ಏನೋ ಅಂತ ಕೂತು ಲೆಕ್ಕ ಹಾಕ್ತಿದ್ದಾರೆ. ಕಡಿಮೆ ದುಡಿದರೆ ಲಾಭ ಅನ್ನೋ ದೇಶ ಇದು! ಆಸ್ಪತ್ರೆ ಸೇರಿದರೂ ವರ್ಷಕ್ಕೆ ಒಬ್ಬರ ಕೈಯಿಂದ 10,600 ಡಾಲರಿಗಿಂತ ಹೆಚ್ಚು ಹೋಗಲ್ಲ, 2026ಕ್ಕೆ ಅದು ಮಿತಿ. ಪಟ್ಟಿಯ ಆಸ್ಪತ್ರೆಯಾಗಿರಬೇಕು ಅಷ್ಟೇ. ಅಷ್ಟು ದುಡ್ಡು ಬೇರೆಯೇ ಎತ್ತಿಟ್ಟಿದ್ದೀವಿ. ಆದ್ದರಿಂದ ದಯವಿಟ್ಟು ಎಫ್‌ಡಿ ಮುರಿಸಬೇಡಿ. ಅಣ್ಣನ ಹತ್ತಿರ ಕಳಿಸ್ತೀನಿ ಅಂತಲೂ ಹೇಳಬೇಡಿ. ನಿಜವಾಗಲೂ ಬೇಕಾಗಿಲ್ಲ. ಬೇಕಾದರೆ ಗಾಡಿ ಮಾರ್ತೀವೇ ಹೊರತು ನಿಮ್ಮ ದುಡ್ಡು ಮುಟ್ಟಲ್ಲ. ಗಾಡಿ ಮಾರೋ ಸ್ಥಿತಿ ಏನೂ ಬಂದಿಲ್ಲ, ಮಾತಿಗೆ ಬರೆದೆ.

ಇವರಿಗೆ 65 ತುಂಬಿದರೆ ಮೆಡಿಕೇರ್, ಅಂದರೆ ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆ, ಬರುತ್ತೆ. ಅದನ್ನು ಒಪ್ಪೋ ಡಾಕ್ಟರು ಯಾವ ರಾಜ್ಯದಲ್ಲಿದ್ದರೂ ಸರಿ. ಅಲ್ಲಿವರೆಗೆ ಏಳು ವರ್ಷ ದಾಟಿಸಬೇಕು, ದಾಟಿಸ್ತೀವಿ. ವಯಸ್ಸಾದ ಮೇಲೂ ಗಾಡಿ ಬಿಡದವರಿಗೆ ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿ ಒಂದು ಆರೈಕೆ ಕೇಂದ್ರವಿದೆ. ಗಾಡಿಯಲ್ಲೇ ಮಲಗೋದು, ಊಟ ಉಪಚಾರ ಅವರದು. ಅದನ್ನು ಓದಿ ಅಮ್ಮ ಅಳಬಾರದು, ನಾವೇನೂ ಅಲ್ಲಿಗೆ ಹೊರಟಿಲ್ಲ.

ಜನವರಿಯ ಪಾಲಿಸಿ ಇನ್ನೂ ತಗೊಂಡಿಲ್ಲ. ಎರಡರಲ್ಲಿ ಒಂದು ಆರಿಸಬೇಕು, ಈ ವಾರವೇ ಆಗುತ್ತೆ. ಆದ ಕೂಡಲೇ ಪಾಲಿಸಿ ನಂಬರ್ ಅಣ್ಣನ ಫೋನಿಗೆ ಕಳಿಸ್ತೀನಿ. ಅಲ್ಲಿವರೆಗೆ ಯಾರ ಹತ್ತಿರವೂ ಈ ವಿಷಯ ತೆಗೀಬೇಡಿ.

ಪೋಸ್ಟಾಫೀಸು ಮುಚ್ಚೋ ಹೊತ್ತು, ಇವರು ಹೊರಗೆ ಹಾರನ್ ಹೊಡೀತಿದ್ದಾರೆ. ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ಇಂತಿ ನಿಮ್ಮ ಮಗಳು,
ಶಾರದಾ

ಮರೆತಿದ್ದೆ: ಅಲ್ಲಿ ಸೆಪ್ಟೆಂಬರ್ 22ರಿಂದ ನಮ್ಮ ನಮ್ಮ ಹೆಸರಿನ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲವಲ್ಲ, ಅಮ್ಮನ ಪಾಲಿಸಿ ಅಕ್ಟೋಬರಿನಲ್ಲಿ ರಿನ್ಯೂ ಮಾಡಿಸಿದಾಗ ತೆರಿಗೆ ಹಾಕಿದ್ದಾರಾ ಅಂತ ರಸೀದಿ ನೋಡಿ ಬರೀರಿ.