ಮಂಡಿ ನೋವಿನ ವರ್ಷದಲ್ಲಿ ಜೊತೆಗಿದ್ದವರಿಗೆ

ಮೊನ್ನೆ ಮಗಳ ಹೈಸ್ಕೂಲಿನ ಕೊನೆಯ ಸಾಫ್ಟ್‌ಬಾಲ್ ಪಂದ್ಯ ಮುಗಿಯಿತು. ಸೋತರು. ಮಗಳು ಮೂರು ಸಲ ಬ್ಯಾಟ್ ಹಿಡಿದಳು. ಎರಡು ಸಲ ಔಟ್, ಒಂದು ಸಲ ಪಿಚರ್, ಅಂದರೆ ಚೆಂಡು ಎಸೆಯುವವಳು, ಸರಿಯಾಗಿ ಹಾಕದೆ ಮೊದಲ ಬೇಸ್ ಸುಮ್ನೆ ಸಿಕ್ಕ ವಾಕ್. ಅಷ್ಟೇ. ಆದರೆ ಆ ವಾಕ್ ಆದ ಮೇಲೆ ಎರಡನೇ ಬೇಸಿಗೆ ಓಡಿದಳು, ಮಣ್ಣಲ್ಲಿ ಜಾರಿಕೊಂಡು ಹೋಗಿ ಬೇಸ್ ಮುಟ್ಟಿದಳು, ಎದ್ದು ಪ್ಯಾಂಟು ಕೊಡವಿಕೊಂಡಳು. ಅದನ್ನು ನೋಡಿ ನಾನು ಅತ್ತುಬಿಟ್ಟೆ. ಪಕ್ಕದಲ್ಲಿದ್ದವರು ಸೋತಿದ್ದಕ್ಕೆ ಅಳ್ತಿದ್ದಾಳೆ ಅಂದುಕೊಂಡಿರಬೇಕು. ಹದಿನಾಲ್ಕು ತಿಂಗಳ ಹಿಂದೆ ಹೀಗೇ ಜಾರಿದಾಗ ಅವಳ ಎಡ ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು.

ಈ ಬರಹ ಥ್ಯಾಂಕ್ಸ್ ಹೇಳೋದಕ್ಕೆ. ಹೇಳಬೇಕಾದವರು ತುಂಬಾ ಜನ ಇದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ನಾವು ಯಾರು ಅಂತಲೇ ಗೊತ್ತಿಲ್ಲ.

ಗೊತ್ತಿರುವವರಿಂದ ಶುರು ಮಾಡುತ್ತೇನೆ. ಆಪರೇಷನ್ ಆದ ವಾರ ಪೂರ್ತಿ ನಮ್ಮ ಮನೆ ಒಲೆ ಹಚ್ಚಲು ಬಿಡದ ಇಲ್ಲಿನ ಕನ್ನಡದ ಗೆಳತಿಯರಿಗೆ. ಯಾರು ಯಾವ ದಿನ ಅಂತ ಪಟ್ಟಿ ಮಾಡಿಕೊಂಡು ಸಾರು, ಪಲ್ಯ, ಮೊಸರನ್ನ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಮೂರು ದಿನ ಸಾಲಾಗಿ ಬಿಸಿಬೇಳೆಬಾತ್ ಬಂತು, ಅದೂ ಇರಲಿ. ಲಾಸ್ ಏಂಜಲೀಸಿನ ಟ್ರಾಫಿಕ್ಕಿನಲ್ಲಿ ವಾರಕ್ಕೆರಡು ಸಲ ಫಿಸಿಯೋ ಹತ್ತಿರ ಕರೆದುಕೊಂಡು ಹೋದ ಸ್ನೇಹಿತರಿಗೆ. ಅವಳ ಕಣ್ಣೀರಿಗೆ ಕರಗದೆ "ಇನ್ನೂ ಹತ್ತು ಸಲ" ಅಂತಿದ್ದ ಆ ಫಿಸಿಯೋಗೆ. ಅವಳು ಆಡುತ್ತಿದ್ದ ಕ್ಲಬ್ ತಂಡ ಮೂರು ಸಾಲಿನ ಇಮೇಲ್ ಕಳಿಸಿ ಅವಳ ಜಾಗ ಬೇರೆಯವರಿಗೆ ಕೊಟ್ಟಿತು. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಅವರಿಗೆ ಥ್ಯಾಂಕ್ಸ್ ಇಲ್ಲ. ಆ ಮಾತು ಅಲ್ಲಿಗೇ ಬಿಡೋಣ.

ಇನ್ನು ಪಕ್ಕದ ಮನೆ ಅಜ್ಜಿ. ಅಮೆರಿಕದವರೇ. ಮಗಳು ಚಿಕ್ಕವಳಿದ್ದಾಗ ಅಜ್ಜಿ ಅಂತ ಕರೆಯೋಕೆ ಶುರು ಮಾಡಿದಳು, ಅವರೂ ತಮ್ಮನ್ನು ತಾವೇ "ಆಜಿ" ಅಂದುಕೊಳ್ಳತೊಡಗಿದರು. 1980ರ ದಶಕದ ಶುರುವಿನಿಂದ ಇಲ್ಲಿನ ವಿಶ್ವವಿದ್ಯಾಲಯವಾದ ಯುಸಿಎಲ್‌ಎ ಹುಡುಗಿಯರ ಸಾಫ್ಟ್‌ಬಾಲ್ ನೋಡುತ್ತಾ ಬಂದವರು. ಊರಲ್ಲಿ ಕೆಲವರು ಹರಿಕಥೆಗೆ ಹೋಗುತ್ತಿದ್ದರಲ್ಲ, ಹಾಗೆ. ಕೈಯಲ್ಲಿ ಒಂದು ಸ್ಕೋರ್ ಪುಸ್ತಕ, ಪೆನ್ಸಿಲ್, ಒಂದು ಥರ್ಮಾಸ್ ಕಾಫಿ.

ಮಂಡಿಗೆ ಪಟ್ಟಿ ಕಟ್ಟಿಕೊಂಡು ಮಗಳು ಯಾರ ಜೊತೆಯೂ ಮಾತಾಡದೆ ಕೂತಿದ್ದ ದಿನಗಳಲ್ಲಿ ಅವರು ಬಂದು "ಶನಿವಾರ ಪಂದ್ಯ ಇದೆ, ನನಗೆ ಕಾರು ಓಡಿಸೋಕೆ ಆಗಲ್ಲ, ನೀವು ಕರೆದುಕೊಂಡು ಹೋಗಬೇಕು" ಅಂದರು. ಆಮೇಲೆ ಗೊತ್ತಾಯಿತು, ಕಾರು ಚೆನ್ನಾಗಿಯೇ ಓಡಿಸುತ್ತಿದ್ದರು.

ಹೀಗೆ ನಾವು ಯುಸಿಎಲ್‌ಎಯ ಈಸ್ಟನ್ ಸ್ಟೇಡಿಯಂಗೆ ಹೋಗೋಕೆ ಶುರು ಮಾಡಿದ್ದು. 1994ರಲ್ಲಿ ಶುರುವಾದ ಪುಟ್ಟ ಮೈದಾನ, ಗುಡ್ಡಕ್ಕೆ ಒರಗಿಕೊಂಡ ಹಾಗಿದೆ. ಸಾಫ್ಟ್‌ಬಾಲ್ ಅಂದರೆ ಮೆತ್ತಗಿನ ಚೆಂಡು ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಸುತ್ತಳತೆ 12 ಅಂಗುಲ, ಗಟ್ಟಿ ಚೆಂಡು. ಕ್ರಿಕೆಟ್ಟಿನಲ್ಲಿ ಸ್ಟಂಪಿನಿಂದ ಸ್ಟಂಪಿಗೆ 66 ಅಡಿ. ಇಲ್ಲಿ ಪಿಚರ್ ನಿಲ್ಲೋದು 43 ಅಡಿ ದೂರದಲ್ಲಿ. ಕೈಯನ್ನು ಗಾಲಿಯ ಹಾಗೆ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಬಿಡುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡು ಕ್ಯಾಚರ್ ಗ್ಲೌಸಿನಲ್ಲಿ.

ಇನಿಂಗ್ಸ್ ನಡುವಿನ ಬಿಡುವಿನಲ್ಲಿ ಅಜ್ಜಿ ಹಳಬರ ಕಥೆ ಹೇಳುತ್ತಿದ್ದರು. ಮಗಳು ಮೊದಮೊದಲು ಫೋನ್ ನೋಡಿಕೊಂಡು ಕೂತಿದ್ದಳು. ಯಾವ ಕಥೆಗೆ ಫೋನ್ ಕೆಳಗಿಟ್ಟಳು ಅಂತ ನನಗೆ ಚೆನ್ನಾಗಿ ನೆನಪಿದೆ. ಡಾಟ್ ರಿಚರ್ಡ್‌ಸನ್ ಕಥೆ. ಫ್ಲಾರಿಡಾದಲ್ಲಿ ಬೆಳೆದ ಹುಡುಗಿ. ಸುಮಾರು ಹತ್ತು ವರ್ಷದವಳಿದ್ದಾಗ ಅವಳ ತೋಳಿನ ಬಲ ನೋಡಿದ ಒಬ್ಬ ಕೋಚ್ ಹುಡುಗರ ಬೇಸ್‌ಬಾಲ್ ತಂಡಕ್ಕೆ ಕರೆದರಂತೆ. ಆದರೆ ಕೂದಲು ಗಿಡ್ಡ ಕತ್ತರಿಸಬೇಕು, ಹೆಸರು ಬಾಬ್ ಅಂತ ಇಟ್ಟುಕೊಳ್ಳಬೇಕು. ಅವಳು ಒಲ್ಲೆ ಅಂದಳು. ಮುಂದೆ ಯುಸಿಎಲ್‌ಎಗೆ ಬಂದು 1982ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಆಟಗಳ ಸಂಸ್ಥೆ) ನಡೆಸಿದ ಮೊಟ್ಟಮೊದಲ ಹೆಂಗಸರ ಕಾಲೇಜ್ ಸಾಫ್ಟ್‌ಬಾಲ್ ಪ್ರಶಸ್ತಿ ಗೆದ್ದ ತಂಡದಲ್ಲಿ ಆಡಿದರು. ಫೈನಲ್‌ನಲ್ಲಿ ಫ್ರೆಸ್ನೋ ಸ್ಟೇಟ್ ಮೇಲೆ 2-0, ಎಂಟು ಇನಿಂಗ್ಸ್. ಏಳಕ್ಕೆ ಮುಗಿಯಬೇಕಾದ ಆಟ. ಆಮೇಲೆ ಅವರು ಮೂಳೆ ಡಾಕ್ಟರ್ ಆದರು. ಸಾಫ್ಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದ 1996ರಲ್ಲಿ ಆಸ್ಪತ್ರೆ ತರಬೇತಿಯಿಂದ ರಜೆ ಹಾಕಿ ಆಡಲು ಹೋಗಿ, ಚೀನಾ ಎದುರು ಫೈನಲ್‌ನಲ್ಲಿ ಚಿನ್ನ ಗೆಲ್ಲಿಸಿದ ಹೋಮ್ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಹೊಡೆದರು.

"ಮೂಳೆ ಡಾಕ್ಟರಾ?" ಅಂತ ಮಗಳು ತನ್ನ ಮಂಡಿ ನೋಡಿಕೊಂಡಳು.

ಹೌದು ಮಗಳೇ, ಅದೇ ಕಾಲದ ಯುಸಿಎಲ್‌ಎ ತಂಡದಲ್ಲಿ ಫಸ್ಟ್ ಬೇಸ್ ಆಡುತ್ತಿದ್ದ ಶೀಲಾ ಕಾರ್ನೆಲ್ ಓದಿದ್ದು ಫಿಸಿಯೋಥೆರಪಿ, ಅಂದರು ಅಜ್ಜಿ. ಅವರೂ 1996ರ ಚಿನ್ನದ ತಂಡದವರೇ. ಒಂದೇ ತಂಡದಲ್ಲಿ ಮೂಳೆ ಡಾಕ್ಟರೂ ಫಿಸಿಯೋನೂ! ನಮ್ಮ ಆ ವರ್ಷದ ಖರ್ಚೆಲ್ಲ ಈ ಎರಡು ಕಸುಬಿನವರಿಗೇ ಹೋಗಿದ್ದರಿಂದ ಮೂವರೂ ತುಂಬಾ ಹೊತ್ತು ನಕ್ಕೆವು. ಗಾಯ ಆದ ಮೇಲೆ ಅವಳು ಜೋರಾಗಿ ನಕ್ಕಿದ್ದು ಅವತ್ತೇ ಮೊದಲು.

ಲೀಸಾ ಫರ್ನಾಂಡಿಸ್ ಬಗ್ಗೆ ಹೇಳದೆ ಅಜ್ಜಿ ಒಂದು ಪಂದ್ಯವನ್ನೂ ಮುಗಿಸುತ್ತಿರಲಿಲ್ಲ. ತಂದೆ ಕ್ಯೂಬಾದವರು, ತಾಯಿ ಪೋರ್ಟೊರಿಕೊದವರು, ಇದೇ ಸೀಮೆಯಲ್ಲಿ ಬೆಳೆದ ಹುಡುಗಿ. ಎಂಟು ವರ್ಷಕ್ಕೆ ಮೊದಲ ಸಲ ಪಿಚ್ ಮಾಡಿದ ಪಂದ್ಯದಲ್ಲಿ ಇಪ್ಪತ್ತಕ್ಕೂ ಜಾಸ್ತಿ ರನ್‌ನಿಂದ ಸೋತಿದ್ದಳಂತೆ, ಎದುರಾಳಿಗಳ ಮೈಗೇ ಚೆಂಡು ಎಸೆದಿದ್ದಳಂತೆ. ಆಮೇಲೆ ಒಬ್ಬ ಕೋಚ್ ಈ ಮೈಕಟ್ಟಿಗೆ ದೊಡ್ಡ ಪಿಚರ್ ಆಗೋದು ಸಾಧ್ಯವಿಲ್ಲ ಅಂದರಂತೆ. 1990ರಿಂದ 1993ರವರೆಗೆ ಯುಸಿಎಲ್‌ಎಗೆ ಆಡಿ 93 ಪಂದ್ಯ ಗೆದ್ದರು, ಸೋತಿದ್ದು ಏಳು. ಕೊನೆಯ ವರ್ಷ ಬ್ಯಾಟಿಂಗ್‌ನಲ್ಲೂ ಪಿಚಿಂಗ್‌ನಲ್ಲೂ ಇಡೀ ದೇಶಕ್ಕೇ ಮೊದಲು. ಆಮೇಲೆ ಮೂರು ಒಲಿಂಪಿಕ್ಸ್, ಮೂರು ಚಿನ್ನ. ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಎದುರು ಒಂದೇ ಪಂದ್ಯದಲ್ಲಿ 25 ಜನರನ್ನು ಸ್ಟ್ರೈಕೌಟ್, ಅಂದರೆ ಬರೀ ತಮ್ಮ ಎಸೆತದಿಂದಲೇ ಔಟ್, ಮಾಡಿಯೂ ಹದಿಮೂರನೇ ಇನಿಂಗ್ಸ್‌ನಲ್ಲಿ ಒಂದು ಹೋಮ್ ರನ್ ತಿಂದು ಸೋತರು. ಆ ಸಲ ಅಮೆರಿಕ ಸಾಲಾಗಿ ಮೂರು ಪಂದ್ಯ ಸೋತಿತ್ತು. ಯಾರದೋ ದೃಷ್ಟಿ ತಾಗಿದೆ ಅಂತ ಹುಡುಗಿಯರೆಲ್ಲ ಆಟದ ಬಟ್ಟೆಯಲ್ಲೇ ಶವರ್ ಕೆಳಗೆ ನಿಂತು ತೊಳೆದುಕೊಂಡರಂತೆ. ಆಮೇಲೆ ಚಿನ್ನ ಗೆದ್ದರು! ಮೆಣಸಿನಕಾಯಿ, ಉಪ್ಪು ನಿವಾಳಿಸೋ ನಮ್ಮಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ನೋಡು, ಅವರಿಗೂ ಗೊತ್ತು" ಅಂದರು.

ನಟಾಶಾ ವಾಟ್ಲಿ, 90 ಹೋಮ್ ರನ್ ಹೊಡೆದ ಸ್ಟೇಸಿ ನ್ಯೂವ್‌ಮನ್, 2003ರ ಫೈನಲ್‌ನಲ್ಲಿ ಒಂಬತ್ತು ಇನಿಂಗ್ಸ್ ಒಂದೂ ಹಿಟ್ ಬಿಟ್ಟುಕೊಡದ ಕೀರಾ ಗೋರ್ಲ್, ಇವರ ಕಥೆಗಳೂ ಬಂದು ಹೋದವು. ವಾಟ್ಲಿ ಆಡೋದು ನಿಲ್ಲಿಸಿದ ಮೇಲೂ ಈ ಊರಿನ ಬಡ ಬಡಾವಣೆಗಳ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುವ ಸಂಸ್ಥೆ ನಡೆಸುತ್ತಿದ್ದಾರೆ. ಈ ಆಟದ ಬ್ಯಾಟು, ಗ್ಲೌಸು, ಕ್ಲಬ್ ಫೀಸು ಎಷ್ಟು ಅಂತ ಗೊತ್ತಿರುವವರಿಗೆ ಅದರ ಬೆಲೆ ಗೊತ್ತು.

ಆದರೆ ಮಗಳಿಗೆ ಬೇಕಾಗಿದ್ದ ಹೆಸರು ರೇಚಲ್ ಗಾರ್ಸಿಯಾ. ಗಾರ್ಸಿಯಾಗೂ ಇದೇ ಲಿಗಮೆಂಟ್ ಹರಿದಿತ್ತು. ಯುಸಿಎಲ್‌ಎ ಸೇರಿದ ಮೊದಲ ವರ್ಷ, 2016ರಲ್ಲಿ, ಒಂದೂ ಪಂದ್ಯ ಆಡದೆ ಕೂತಿದ್ದರು. 2019ರ ಸೆಮಿಫೈನಲ್‌ನಲ್ಲಿ ವಾಷಿಂಗ್ಟನ್ ಎದುರು ಹತ್ತು ಇನಿಂಗ್ಸ್ ಒಬ್ಬರೇ ಪಿಚ್ ಮಾಡಿದರು. 179 ಎಸೆತ, 16 ಸ್ಟ್ರೈಕೌಟ್. ಅಷ್ಟು ಎಸೆದ ಮೇಲೆ ಹತ್ತನೇ ಇನಿಂಗ್ಸ್‌ನಲ್ಲಿ ತಾವೇ ಬ್ಯಾಟ್ ಹಿಡಿದು ಮೂರು ರನ್ನಿನ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದರು. ಫೈನಲ್‌ನಲ್ಲಿ ಓಕ್ಲಹೋಮಾ ಮೇಲೆ ಗೆದ್ದು ಯುಸಿಎಲ್‌ಎಗೆ ಹನ್ನೆರಡನೇ ಎನ್‌ಸಿಎಎ ಪ್ರಶಸ್ತಿ. 1995ರಲ್ಲಿ ಗೆದ್ದ ಇನ್ನೊಂದನ್ನು ಸ್ಕಾಲರ್‌ಶಿಪ್ ನಿಯಮ ಮುರಿದಿದ್ದಕ್ಕೆ ಎನ್‌ಸಿಎಎ ಪಟ್ಟಿಯಿಂದ ತೆಗೆದುಹಾಕಿತು. ಅಜ್ಜಿ ಅದನ್ನೂ ಮುಚ್ಚಿಡಲಿಲ್ಲ. "ತಪ್ಪು ಮಾಡಿದ್ವಿ, ಹೋಯ್ತು" ಅಂದರು, ತಾವೇ ಮಾಡಿದ ಹಾಗೆ.

ಮಂಡಿ ಮೇಲೆ ಐಸ್ ಪ್ಯಾಕ್ ಇಟ್ಟುಕೊಂಡು ಮಗಳು ಆ ಹೋಮ್ ರನ್ ವಿಡಿಯೋ ಎಷ್ಟು ಸಲ ನೋಡಿದಳೋ. ಅವಳು ನೋಡುತ್ತಿದ್ದುದು ಚೆಂಡನ್ನಲ್ಲ. ಗಾರ್ಸಿಯಾ ಬೇಸ್ ಸುತ್ತಿ ಓಡುವಾಗ ಆ ಕಾಲು ಹೇಗೆ ಊರುತ್ತಾರೆ ಅಂತ.

ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. ಹಾಸನದಲ್ಲಿ ಡಿಗ್ರಿ ಓದುವಾಗ ನಾನು ಕಾಲೇಜಿನ ಥ್ರೋಬಾಲ್ ತಂಡದಲ್ಲಿದ್ದೆ. ಚೂಡಿದಾರಿನ ವೇಲ್ ಸೊಂಟಕ್ಕೆ ಬಿಗಿದು ಆಡುತ್ತಿದ್ದೆವು. ಮೈಸೂರಿಗೆ ಅಂತರ ಕಾಲೇಜು ಪಂದ್ಯಕ್ಕೆ ಕೆಂಪು ಬಸ್ಸಿನಲ್ಲಿ ಹೋಗಿ ಎರಡು ಪಂದ್ಯ ಗೆದ್ದು ಬಂದಿದ್ದೆವು. ಆ ತಂಡದ ಒಂದು ಫೋಟೋ ಇಲ್ಲ. ಏಳು ಜನರಲ್ಲಿ ನನಗೆ ನೆನಪಿರೋದು ನಾಲ್ಕು ಹೆಸರು, ನನ್ನದೂ ಸೇರಿ. ಮಗಳಿಗೆ ಇದನ್ನು ಹೇಳಿದ್ದೇ ಈಸ್ಟನ್ ಸ್ಟೇಡಿಯಂನಲ್ಲಿ, ಹದಿನೇಳು ವರ್ಷ ಆದ ಮೇಲೆ. "ಅಮ್ಮಾ, ನೀನು ಆಡ್ತಿದ್ಯಾ?" ಅಂದಳು. ಅವಳ ಮುಖ ನೋಡಬೇಕಿತ್ತು.

ಅದಕ್ಕೇ ಇರಬೇಕು, ಯುಸಿಎಲ್‌ಎಯ ಹಳೇ ಕಥೆಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಕಪ್ಪುಗಳಲ್ಲ. 1972ರಲ್ಲಿ ಸರ್ಕಾರದ ದುಡ್ಡು ಪಡೆಯುವ ಕಾಲೇಜುಗಳು ಹುಡುಗಿಯರಿಗೆ ಭೇದ ಮಾಡುವಂತಿಲ್ಲ ಅನ್ನುವ ಕಾನೂನು ಬಂತು. ಅದಾದ ಮೂರು ವರ್ಷಕ್ಕೆ ಇಲ್ಲಿ ಹುಡುಗಿಯರ ತಂಡ ಶುರುವಾಯಿತು. ಶ್ಯಾರನ್ ಬ್ಯಾಕಸ್ ಬಂದು ಅದನ್ನು ಕಟ್ಟಿದರು. ಅವರ ಕೈಯಲ್ಲಿ ಆಡಿದ ಸೂ ಎನ್‌ಕ್ವಿಸ್ಟ್, ಎನ್‌ಸಿಎಎ ಇನ್ನೂ ಹೆಂಗಸರ ಕಡೆ ತಿರುಗಿಯೂ ನೋಡದ ಕಾಲದಲ್ಲಿ, 1978ರಲ್ಲಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಆಮೇಲೆ ಅದೇ ತಂಡದ ಕೋಚ್ ಆದರು. ಮೊದಲು ಬ್ಯಾಕಸ್ ಜೊತೆ, ಅವರು ಹೋದ ಮೇಲೆ ಒಬ್ಬರೇ, 2006ರವರೆಗೆ. ಈಗ ಕೋಚ್ ಆಗಿರುವ ಕೆಲ್ಲಿ ಇನೊವೆ-ಪೆರೆಜ್ ಅವರಿಬ್ಬರ ಕೆಳಗೆ ಕ್ಯಾಚರ್ ಆಗಿದ್ದವರು. ಲೀಸಾ ಫರ್ನಾಂಡಿಸ್ ಎಸೆದ ಚೆಂಡು ಹಿಡಿಯುತ್ತಿದ್ದವರು. ಆ ಲೀಸಾ ಈಗ ಅವರ ಜೊತೆ ಅಲ್ಲೇ ಕೋಚ್. ತವರುಮನೆಯ ಕೀಲಿಕೈ ಒಬ್ಬ ಹೆಣ್ಣುಮಗಳಿಂದ ಇನ್ನೊಬ್ಬಳಿಗೆ ಹೋದ ಹಾಗೆ. ಹಾಗಾಗಿ ಇಲ್ಲಿ ಯಾರ ಹೆಸರೂ ಕಳೆದುಹೋಗಿಲ್ಲ. ಹಳಬರಲ್ಲಿ ಯಾರಾದರೊಬ್ಬರು ಇನ್ನೂ ಮನೆಯಲ್ಲೇ ಇದ್ದಾರೆ.

ಇವರೆಲ್ಲರಿಗೂ ಥ್ಯಾಂಕ್ಸ್. ಕನ್ನಡದಲ್ಲಿ ಬರೆದದ್ದು ಅವರಿಗೆ ಮುಟ್ಟಲ್ಲ, ಗೊತ್ತು. ನಾನು ಅಳುವುದೂ ಥ್ಯಾಂಕ್ಸ್ ಹೇಳುವುದೂ ಕನ್ನಡದಲ್ಲೇ.

ಮಗಳಿಗೆ ಯುಸಿಎಲ್‌ಎ ಸಿಗಲಿಲ್ಲ, ಆ ಆಸೆಯೂ ನಮಗಿರಲಿಲ್ಲ. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರುತ್ತಿದ್ದಾಳೆ, ಅಲ್ಲಿ ತಂಡಕ್ಕೆ ಟ್ರೈಔಟ್ ಕೊಡುತ್ತಾಳಂತೆ. 2028ರ ಒಲಿಂಪಿಕ್ಸ್ ನಮ್ಮೂರಲ್ಲೇ, ಮಗಳ ಜೊತೆ ಸಾಫ್ಟ್‌ಬಾಲ್ ನೋಡಬಹುದು ಅಂದುಕೊಂಡಿದ್ದೆ. ನೋಡಿದರೆ ಸಾಫ್ಟ್‌ಬಾಲ್ ಮಾತ್ರ ಸಾವಿರ ಮೈಲಿ ಆಚೆ ಓಕ್ಲಹೋಮಾ ಸಿಟಿಯಲ್ಲಂತೆ! ಹತ್ತಿರದ ಪೊಮೋನಾದಲ್ಲಿ ಕ್ರಿಕೆಟ್ ಇದೆ. ನಮ್ಮ ಯಜಮಾನರ ಖುಷಿ ಹೇಳತೀರದು. ನಾವಿಬ್ಬರೂ ಅವರ ಜೊತೆ ಮಾತು ಬಿಟ್ಟಿದ್ದೇವೆ.

ಅಜ್ಜಿ ಕಳೆದ ಚಳಿಗಾಲದಲ್ಲಿ ಮಗನ ಮನೆಗೆ, ಅರಿಜೋನಾದ ಟೂಸಾನ್‌ಗೆ ಹೋದರು. ಹೋಗಿ ಹೋಗಿ ಟೂಸಾನ್! ಎಂಟು ಸಲ ಪ್ರಶಸ್ತಿ ಗೆದ್ದ ಅರಿಜೋನಾ ತಂಡದ ಊರು, ಯುಸಿಎಲ್‌ಎಯ ಹಳೇ ಎದುರಾಳಿ. ಅಲ್ಲೂ ನೀಲಿ ಟೋಪಿ ಹಾಕಿಕೊಂಡೇ ಪಂದ್ಯಕ್ಕೆ ಹೋಗುತ್ತಾರಂತೆ. ಹೊರಡುವ ಮುಂಚೆ ನನಗೆ ಒಂದು ಹೊಸ ಸ್ಕೋರ್ ಪುಸ್ತಕ ಕೊಟ್ಟು, ಬರೆಯೋದು ಕಲಿಸಿ ಹೋದರು.

ಮಗಳ ಕೊನೆಯ ಪಂದ್ಯವನ್ನು ಅದರಲ್ಲಿ ಪೂರ್ತಿ ಬರೆದು, ಫೋಟೋ ತೆಗೆದು ಕಳಿಸಿದೆ. ಒಂದು ಗಂಟೆಯಲ್ಲಿ ಫೋನ್ ಬಂತು. ಎರಡನೇ ಬೇಸಿಗೆ ಜಾರಿದ್ದು ನೋಡಿ ಖುಷಿಪಡುತ್ತಾರೆ ಅಂತ ಕಾಯುತ್ತಿದ್ದೆ. ಖುಷಿಪಟ್ಟರು. ಆಮೇಲೆ, "ಎದುರು ತಂಡದ ಪಿಚರ್ ಜಾಗದಲ್ಲಿ ಬರೀ ನಂಬರ್ ಬರೆದಿದ್ದೀಯಲ್ಲ, ಹೆಸರೆಲ್ಲಿ?" ಅಂದರು.

ನನಗೆ ಗೊತ್ತಿರಲಿಲ್ಲ. ಮಗಳು ಯಾರಿಗೋ ಮೆಸೇಜು ಮಾಡಿ ಕೇಳಿದಳು. ಪೆನ್ಸಿಲಿನಲ್ಲಿ ಬರೆದೆ. ಸ್ಪೆಲಿಂಗ್ ಸರಿ ಇದೆಯಾ ಅಂತ ಇನ್ನೊಂದು ಸಲ ಕೇಳಿಸಿದೆ.