ತಲೆಬರಹ ಬರೆಯುವ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪತ್ರಿಕೆಯ ಡೆಸ್ಕಿನಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿನ್ನಮ್ಮ ಹೇಳಿದಾಗ ಕಣ್ಣು ತುಂಬಿ ಬಂತು. ಫೋನಿನಲ್ಲಿ ಹೇಳಲಾರದ ಒಂದು ಸಂಗತಿ ಇದೆ, ಅದಕ್ಕೇ ಈ ಕಾಗದ.

ನಿನ್ನ ಮಾವನಿಗೆ ಹುಷಾರಿಲ್ಲದ ಕಾಲದಲ್ಲಿ ನೀನಿನ್ನೂ ಚಿಕ್ಕವಳು. ಮಾತ್ರೆ ಹಿಡಿಸಿ, ರಾತ್ರಿ ನಿದ್ದೆ ಬರತೊಡಗಿತ್ತು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹುಡುಗರು ಕೆಣಕಿದರು, ಇವನು ಕೂಗಾಡಿದ. ಮಾರನೇ ದಿನ ಪತ್ರಿಕೆಯೊಂದರಲ್ಲಿ ಅವನ ಫೋಟೊ, ಮೇಲೆ ‘ಹುಚ್ಚನ ರಂಪಾಟ, ಪ್ರಯಾಣಿಕರ ಪರದಾಟ’. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿ ಡಬ್ಬದ ಅಡಿಗೆ ಬಚ್ಚಿಟ್ಟರು. ಅಷ್ಟು ಹೊತ್ತಿಗೆ ಮಾವ ಕ್ಷೌರದ ಅಂಗಡಿಯಲ್ಲಿ ಅದನ್ನು ನೋಡಿ, ಒಂದೇ ಕೆನ್ನೆ ಬೋಳಿಸಿಕೊಂಡು ಎದ್ದು ಬಂದಿದ್ದ. ಅವತ್ತಿನಿಂದ ಮಾತ್ರೆ ಬಿಟ್ಟ. ‘ಇದನ್ನು ನುಂಗೋದರಿಂದಲೇ ತಾನೆ ನಾನು ಹುಚ್ಚ’ ಅನ್ನುತ್ತಿದ್ದ. ಮತ್ತೆ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ನಮಗೆ ಎರಡು ವರ್ಷ ಹಿಡಿಯಿತು. ಅದನ್ನು ಬರೆದವರು ನಿನ್ನ ಹಾಗೇ ರಾತ್ರಿ ಪಾಳಿಯಲ್ಲಿ, ಪುಟ ಮುಗಿಸುವ ಅವಸರದಲ್ಲಿ ಇದ್ದಿರಬೇಕು.

ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿದೆ. ಮನಸ್ಸಿನ ಕಾಯಿಲೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮದವರು ಹಾಕುವಂತಿಲ್ಲ. ಆತ್ಮಹತ್ಯೆಯ ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬೇಡಿ, ಹೇಗೆ ಸತ್ತರೆಂದು ವಿವರಿಸಬೇಡಿ ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿತು. ಮರುವರ್ಷ ಹಿಂದಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಾಗ ಟಿವಿಯವರು ತಿಂಗಳುಗಟ್ಟಲೆ ಏನು ಮಾಡಿದರೆಂದು ನೀನೇ ನೋಡಿದ್ದೀಯ. ನನಗಂತೂ ಆ ಮನೆಯವರದೇ ಚಿಂತೆಯಾಗಿತ್ತು.

‘ಆತ್ಮಹತ್ಯೆಗೆ ಶರಣು’ ಅಂತ ಬರೆಯಬೇಡ ಮಗಳೇ. ಶರಣು ಅನ್ನುವುದು ನಾವು ದೇವರಿಗೆ, ಗುರುಹಿರಿಯರಿಗೆ ಹೇಳುವ ಮಾತು. ಸಾವಿಗೆ ಯಾಕೆ ಆ ಗೌರವ? ‘ಆತ್ಮಹತ್ಯೆಯಿಂದ ಸಾವು’ ಎಂದರೆ ಸಾಕು. ಕೆಳಗೆ ಟೆಲಿ ಮಾನಸ್ ಸಹಾಯವಾಣಿ 14416 ಹಾಕು, ಜಾಗವಿಲ್ಲ ಅಂದರೆ ಜಗಳವಾಡಿಯಾದರೂ ಹಾಕಿಸು. ಕೊಲೆಯ ಸುದ್ದಿಯಲ್ಲಿ ‘ಮಾನಸಿಕ ಅಸ್ವಸ್ಥ’ ಅಂತ ಬಂದರೆ, ಹಾಗೆಂದ ಡಾಕ್ಟರು ಯಾರು ಅಂತ ವರದಿಗಾರರನ್ನು ಕೇಳು. ಯಾರೂ ಇಲ್ಲದಿದ್ದರೆ ಆ ಪದ ತೆಗೆದುಹಾಕು. ನಿಮ್ಹಾನ್ಸ್‌ನವರು 2015-16ರಲ್ಲಿ ದೇಶದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ಹತ್ತಕ್ಕೊಬ್ಬರಿಗೆ ಮನಸ್ಸಿನ ತೊಂದರೆ ಕಂಡಿತ್ತು. ನಿನ್ನ ಪತ್ರಿಕೆ ಕೊಂಡು ಓದುವವರಲ್ಲೂ ಅವರು ಇದ್ದೇ ಇರುತ್ತಾರೆ.

ಮಾವ ಈಗ ತಿಂಗಳಿಗೊಮ್ಮೆ ತಾನೇ ಬಸ್ಸು ಹತ್ತಿ ಹೋಗಿ ಮಾತ್ರೆ ತರುತ್ತಾನೆ. ಈ ಕಾಗದ ಬರೆಯುವ ಮೊದಲು ಅವನನ್ನು ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, ‘ಬಸ್ ಸ್ಟ್ಯಾಂಡಿನದೂ ಬರಿ’ ಅಂದ. ನಿನ್ನ ಪತ್ರಿಕೆ ನಮ್ಮೂರಿಗೆ ಬೆಳಗಿನ ಮೊದಲ ಬಸ್ಸಿಗೆ ಬರುತ್ತದೆ. ಸೋಮವಾರದಿಂದ ತಾನೇ ಹೋಗಿ ತರುತ್ತಾನಂತೆ.

ಇಂತಿ,
ನಿನ್ನ ದೊಡ್ಡಮ್ಮ